ಗೆಲುವಿಲ್ಲದ ಆಟದಲ್ಲಿ ಪ್ರಾರ್ಥನೆ: ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಕುರಿತು

ವಿಡಿಯೋ ಆಟಗಳಿಗೆ ವಿಶ್ವಾಸವು ಹೊಸ ವಸ್ತುವೇನಲ್ಲ. ಆದರೆ ಅಲ್ಲಿ ಅದು ಬಹುಮಟ್ಟಿಗೆ ಗೆಲುವಿನ ಸಾಧನವಾಗಿಯೇ ಕಾಣಿಸಿಕೊಳ್ಳುತ್ತದೆ. 2012ರಲ್ಲಿ ‘ಸಿವಿಲೈಸೇಷನ್ 5’ ಆಟಕ್ಕೆ ಸೇರಿದ ‘ಗಾಡ್ಸ್ ಅಂಡ್ ಕಿಂಗ್ಸ್’ ಭಾಗದಲ್ಲಿ ವಿಶ್ವಾಸವೆಂದರೆ ಕೂಡಿಡುವ ಅಂಕ. ಅದರಿಂದ ಪ್ರವಾದಿಯನ್ನು ಪಡೆಯಬಹುದು, ಮಿಷನೆರಿಯನ್ನು ಕೊಳ್ಳಬಹುದು. ಈ ಲೆಕ್ಕಾಚಾರವನ್ನು ಕಂಡು ನಾವು ನಕ್ಕುಬಿಡಬಹುದು. ಆದರೆ ಸ್ವಸ್ಥತೆಯ ಕೂಟಗಳಲ್ಲಿ ಕೆಲವೊಮ್ಮೆ ಕೇಳಿಬರುವ ಬೋಧನೆಯ ಲೆಕ್ಕ ಇದಕ್ಕಿಂತ ಬೇರೆಯೇ? ವಿಶ್ವಾಸ ಸಾಕಷ್ಟಿದ್ದರೆ ಗುಣ. ಗುಣವಾಗದಿದ್ದರೆ ವಿಶ್ವಾಸವೇ ಸಾಲದು. ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಮೇಲೆ ಈ ಮಾತು ಎಂಥ ಭಾರವನ್ನು ಹೊರಿಸುತ್ತದೆಂಬುದು ಸಭಾಪಾಲಕರಿಗೆ ತಿಳಿಯದ ಸಂಗತಿಯಲ್ಲ.

ಈ ಲೆಕ್ಕವನ್ನು ಒಳಗಿನಿಂದಲೇ ಒಡೆಯುವ ಕೃತಿ 2016ರ ಜನವರಿಯಲ್ಲಿ ಬಿಡುಗಡೆಯಾದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಅಮೆರಿಕದ ಕ್ರೈಸ್ತ ದಂಪತಿಗಳಾದ ರಯಾನ್ ಗ್ರೀನ್ ಮತ್ತು ಏಮಿ ಗ್ರೀನ್ ತಮ್ಮ ಸಂಗಡಿಗರೊಡನೆ ಇದನ್ನು ರೂಪಿಸಿದರು. ಅವರ ಮಗ ಜೋಯಲ್‌ಗೆ ಒಂದು ವರ್ಷವಾಗಿದ್ದಾಗ ಮಿದುಳಿನ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು; 2014ರ ಮಾರ್ಚ್ ತಿಂಗಳಿನಲ್ಲಿ, ತನ್ನ ಐದನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಕೃತಿಯ ಕೆಲಸ ಆರಂಭವಾದಾಗ ಅವನಿನ್ನೂ ಬದುಕಿದ್ದನು. ತಂದೆತಾಯಿಗಳ ಮೊರೆ ಯಾವ ಉತ್ತರವನ್ನು ಪಡೆಯುವುದೋ ತಿಳಿಯದ ಕಾಲದಲ್ಲಿ ಮೊದಲಾದ ರಚನೆಯಿದು.

ಇಲ್ಲಿನ ಪಾತ್ರಗಳ ಮುಖದಲ್ಲಿ ಕಣ್ಣುಬಾಯಿಗಳ ಚಿತ್ರಣವಿಲ್ಲ. ವಿಶ್ವಾಸವಾಗಲಿ ಸಂಶಯವಾಗಲಿ ನಮಗೆ ತಲಪುವುದು ದನಿಯಿಂದ. ಆ ದನಿ ತಂದೆತಾಯಿಗಳದೇ. ಏಮಿ ಅದ್ಭುತಕಾರ್ಯವನ್ನು ನಿರೀಕ್ಷಿಸುತ್ತಾಳೆ. ರಯಾನ್ ದುಃಖದಲ್ಲಿ ಮುಳುಗುತ್ತಾನೆ. ಒಂದೇ ಮನೆಯ ಈ ಎರಡು ಬಗೆಯ ಭಕ್ತಿಗಳಲ್ಲಿ ಯಾವುದನ್ನೂ ಕೃತಿ ಹೀಗಳೆಯುವುದಿಲ್ಲ. ಯೋಬನ ಗೆಳೆಯರಂತೆ ಒಬ್ಬರಿಗೆ ಸರಿಯೆಂದು, ಇನ್ನೊಬ್ಬರಿಗೆ ತಪ್ಪೆಂದು ತೀರ್ಪು ಹೇಳುವುದೂ ಇಲ್ಲ. ಇದು ಕಥನದ ಗುಣವಷ್ಟೇ ಅಲ್ಲ, ಪಾಲನಾಸೇವೆಯ ಗುಣವೂ ಹೌದು.

ಒಂದು ಭಾಗದಲ್ಲಿ ಜೋಯಲ್ ಪುಟ್ಟ ಯೋಧನಾಗಿ ಘಟಸರ್ಪದೊಡನೆ ಹೋರಾಡುತ್ತಾನೆ. ಆಟಗಾರನು ಎಷ್ಟು ಕುಶಲನಾದರೂ ಕಡೆಗೆ ಗೆಲುವು ಅವನ ಕೈಯಲ್ಲಿಲ್ಲ. ಇನ್ನೊಂದು ಭಾಗ ಆಸ್ಪತ್ರೆಯ ರಾತ್ರಿಯದು. ನೀರು ಬತ್ತಿದ ಮೈಯ ಮಗು ಅಳುತ್ತದೆ. ತಂದೆ ಏನು ಮಾಡಿದರೂ ಅಳು ನಿಲ್ಲದು. ಆಟಗಾರನು ಎಲ್ಲವನ್ನೂ ಮುಟ್ಟಿ ಸೋಲುತ್ತಾನೆ. ಕಡೆಗೆ ಉಳಿಯುವುದು ಪ್ರಾರ್ಥನೆಯೊಂದೇ. ತಂದೆ ಪ್ರಾರ್ಥಿಸುತ್ತಾನೆ, ಮಗು ಶಾಂತವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಪ್ರಾರ್ಥನೆ ಇಲ್ಲಿಯೂ ಕಡೆಗೆ ಒತ್ತಬೇಕಾದ ಗುಂಡಿಯಾಯಿತಲ್ಲವೇ? ಈ ದೃಶ್ಯವೊಂದೇ ಇದ್ದಿದ್ದರೆ ಹೌದೆನ್ನಬೇಕಾಗಿತ್ತು. ಆದರೆ ಮುಂದೆ ಇದೇ ತಂದೆತಾಯಿಗಳು ಇದೇ ಮಗುವಿನ ಜೀವಕ್ಕಾಗಿ ಪ್ರಾರ್ಥಿಸುತ್ತಾರೆ, ಮಗು ಸಾಯುತ್ತದೆ. ಎರಡು ರಾತ್ರಿಗಳ ನಡುವೆ ಅವರ ವಿಶ್ವಾಸ ಕುಗ್ಗಿತೆಂದು ಕೃತಿ ಎಲ್ಲಿಯೂ ಸೂಚಿಸುವುದಿಲ್ಲ. ಆದುದರಿಂದ ಮೊದಲ ರಾತ್ರಿಯ ಶಾಂತಿ ಭಕ್ತಿಗೆ ಸಂದ ಕೂಲಿಯಲ್ಲ, ಅದು ಕೃಪೆ. ಕೊನೆಯ ರಾತ್ರಿಯ ಮೌನ ಅಪನಂಬಿಕೆಗೆ ಸಂದ ದಂಡನೆಯೂ ಅಲ್ಲ.

ನಮಗೆ ತೊಡಕೆನಿಸುವುದು ಮುಕ್ತಾಯ. ಮರಣದ ಬಳಿಕ ಜೋಯಲ್ ತನಗೆ ಪ್ರಿಯವಾದ ಪ್ಯಾನ್‌ಕೇಕುಗಳೊಡನೆ, ನಾಯಿಯೊಡನೆ ನಲಿಯುತ್ತಿರುವುದನ್ನು ಕಾಣುತ್ತೇವೆ. ನಿರೀಕ್ಷೆ ನಮ್ಮದೇ; ಆದರೂ ಆ ಬೆಳಕು ತುಸು ಬೇಗ ಬಂತೆನಿಸುತ್ತದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಸಭೆ ಅಂಜಲಿಲ್ಲ. ಪುನರುತ್ಥಾನಕ್ಕೆ ಮುನ್ನ ಶನಿವಾರವೊಂದಿದೆ. ಈ ಕೃತಿಯಲ್ಲಿ ಆ ಶನಿವಾರ ಚಿಕ್ಕದಾಯಿತು. ಆದರೆ ಹೆತ್ತವರು ತಮ್ಮ ಮಗುವಿಗಾಗಿ ಬರೆದ ಮುಕ್ತಾಯವನ್ನು ನಾವು ಗೌರವದಿಂದಲೇ ಅಳೆಯಬೇಕು. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ದಾವೀದನೂ ಉಪವಾಸವಿದ್ದು ಬೇಡಿಕೊಂಡನು. ಏಳನೆಯ ದಿನ ಮಗು ಸತ್ತಿತು. ಅವನು ಎದ್ದು ಸ್ನಾನಮಾಡಿ ಕರ್ತನ ಆಲಯಕ್ಕೆ ಹೋಗಿ ಆರಾಧಿಸಿದನು. ಮಗುವನ್ನು ಮರಳಿ ತರಲಾರೆನಾದರೂ ತಾನೇ ಅದರ ಬಳಿಗೆ ಹೋಗುವೆನೆಂಬುದು ಅವನ ನಿರೀಕ್ಷೆಯಾಗಿತ್ತು. ಗ್ರೀನ್ ದಂಪತಿಗಳ ಮುಕ್ತಾಯ ಈ ಆರಾಧನೆಗೆ ಹತ್ತಿರವಾದುದು.

ನಮ್ಮ ಯುವಜನರು ಆಟಗಳಲ್ಲಿ ಕಳೆಯುವ ಹೊತ್ತನ್ನು ವ್ಯರ್ಥವೆಂದು ಗದರಿಸುವ ಮುನ್ನ ಅಲ್ಲಿ ಅವರು ಪ್ರಾರ್ಥನೆಯನ್ನು ಕುರಿತು ಏನನ್ನು ಕಲಿಯುತ್ತಿದ್ದಾರೆಂದು ಕೇಳುವುದು ಲೇಸು. ಗೆತ್ಸೇಮನೆಯಲ್ಲಿ ಪಾತ್ರೆಯು ತೊಲಗಲಿಲ್ಲವೆಂಬುದನ್ನು ನಾವು ವರ್ಷಕ್ಕೊಮ್ಮೆ ಶುಭಶುಕ್ರವಾರದ ಮುನ್ನಾದಿನ ಓದುತ್ತೇವೆ. ರೋಗಿಯ ಹಾಸಿಗೆಯ ಬಳಿ ನಿಂತಾಗ ಅದನ್ನು ಮರೆತು ಮಾತನಾಡಬಾರದು.