ಓಟಕ್ಕಿಂತ ನಿಲುಗಡೆ ಮುಖ್ಯ: ಶಿಕಾರಿಪುರ–ಸೊರಬ ರಸ್ತೆಯಲ್ಲಿ ಕಾಂಟಿನೆಂಟಲ್ ಜಿಟಿ 650

ಎರಡು ಸಿಲಿಂಡರಿನ ಬೈಕ್ ಕೊಳ್ಳಲು ಹೊರಟ ಹುಡುಗರು ಮೊದಲು ಕೇಳುವುದು ಅದು ಎಷ್ಟು ಸ್ಪೀಡ್ ಹೋಗುತ್ತದೆ ಎಂದು. ಅಷ್ಟು ಸ್ಪೀಡಿನಲ್ಲಿ ತಿರುವು ಬಂದರೆ ಹೇಗೆ ತಿರುಗುತ್ತದೆ, ಎದುರಿಗೆ ಎಮ್ಮೆ ಬಂದರೆ ಎಲ್ಲಿ ನಿಲ್ಲುತ್ತದೆ ಎನ್ನುವ ಪ್ರಶ್ನೆಗಳು ಆಮೇಲೆ ಬರುತ್ತವೆ, ಕೆಲವೊಮ್ಮೆ ತಡವಾಗಿ ಬರುತ್ತವೆ. ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ 650 ಬೈಕನ್ನು ಈ ಎರಡು ಪ್ರಶ್ನೆಗಳಿಂದಲೇ ಅಳೆಯಬೇಕು. ಅಳೆಯಲು ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ರಸ್ತೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಇದು ಅರೆಮಲೆನಾಡು. ಗೋವಿನಜೋಳದ ಹೊಲಗಳ ನಡುವೆ ರಸ್ತೆ ಬಿಚ್ಚಿಕೊಂಡು ಓಡುತ್ತದೆ. ಸೊರಬದ ಕಡೆ ಹೋದಂತೆ ಗದ್ದೆ, ಅಡಿಕೆ ತೋಟ, ಕೆರೆ ಏರಿ, ಮರದ ನೆರಳು ಬಂದು ಮುಂದಿನದು ಕಾಣದಾಗುತ್ತದೆ.

ನಮ್ಮಲ್ಲಿ ಈ ಜಾತಿಯ ಬೈಕಿಗೆ ಒಂದು ಹಿನ್ನೆಲೆಯಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ 250 ಸಿಸಿ ಯೆಜ್ಡಿಗೆ ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರ್ ಒಂದೇ. ನಿಜವಾದ ಎರಡು ಸಿಲಿಂಡರಿನ ವೇಗವನ್ನು ಜನ ಕಂಡದ್ದು 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜದೂತ್ 350ರಲ್ಲಿ. ಅದರ ಮೂಲವಾದ ಯಮಹಾ ಆರ್‌ಡಿ350ಯ ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿಗೆ ಬಂದಾಗ ಅದು ಹೋಗಿ ಡ್ರಮ್ ಬಂತು. ಓಡುವ ಶಕ್ತಿ ಕೊಟ್ಟು ನಿಲ್ಲಿಸುವ ಶಕ್ತಿ ಕಡಿಮೆ ಮಾಡಿದ ಆ ಲೆಕ್ಕಾಚಾರವನ್ನು ನೆನಪಿಟ್ಟುಕೊಂಡು ನೋಡಿದರೆ, 2018ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಜಿಟಿ 650 ಎಷ್ಟು ದೂರ ಸಾಗಿ ಬಂದಿದೆ ಎಂಬುದು ತಿಳಿಯುತ್ತದೆ.

ಎಂಜಿನ್ 648 ಸಿಸಿ. ಸುಮಾರು 47 ಅಶ್ವಶಕ್ತಿ, 52 ನ್ಯೂಟನ್ ಮೀಟರ್ ಟಾರ್ಕ್. ಎಳೆತ ಕೆಳಗಿನಿಂದಲೇ ಸಿಗುವುದರಿಂದ ಪದೇಪದೇ ಗೇರ್ ಬದಲಿಸುವ ಕೆಲಸವಿಲ್ಲ. ಆದರೆ ಈ ಬೈಕಿನ ಹೆಚ್ಚುಗಾರಿಕೆ ಎಂಜಿನ್ ಅಲ್ಲ, ಚಾಸಿ. ಅದರ ವಿನ್ಯಾಸದಲ್ಲಿ ಕೈಯಾಡಿಸಿದ್ದು, ರೇಸ್ ಬೈಕುಗಳ ಚಾಸಿ ಕಟ್ಟಿ ಹೆಸರಾದ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್. ಈ ಸಂಸ್ಥೆಯನ್ನು ರಾಯಲ್ ಎನ್‌ಫೀಲ್ಡ್ 2015ರಲ್ಲಿ ಕೊಂಡುಕೊಂಡಿತ್ತು. ಎರಡು ಚಕ್ರಗಳ ನಡುವಿನ ಅಂತರ 1,398 ಮಿಲಿಮೀಟರ್, ಮುಂದಿನ ಫೋರ್ಕಿನ ಓರೆ 24 ಡಿಗ್ರಿ. ಎರಡೂ ಕಡಿಮೆಯೇ ಆದ್ದರಿಂದ ಬೈಕ್ ಬೇಗ ತಿರುಗುತ್ತದೆ. 200 ಕಿಲೋ ದಾಟುವ ತೂಕ ಅಂಗಳದಲ್ಲಿ ತಳ್ಳುವಾಗ ಕೈಗೆ ಹತ್ತುತ್ತದೆ, ಓಡುವಾಗ ಮರೆತುಹೋಗುತ್ತದೆ.

ಕೆರೆ ಏರಿ ಇಳಿದು ಎಡಕ್ಕೆ ಹೊರಳುವ ಒಂದು ತಿರುವನ್ನೇ ತೆಗೆದುಕೊಳ್ಳಿ. ನೇರದಲ್ಲೇ ಬ್ರೇಕ್ ಹಿಡಿದು, ಒಂದು ಗೇರ್ ಇಳಿಸಿ, ಮೊಣಕಾಲುಗಳಿಂದ ಟ್ಯಾಂಕ್ ಒತ್ತಿ ಹಿಡಿಯಬೇಕು. ಎಡಗೈಯಿಂದ ಹ್ಯಾಂಡಲನ್ನು ತುಸು ಮುಂದಕ್ಕೆ ಒತ್ತಿದರೆ ಬೈಕ್ ಎಡಕ್ಕೇ ವಾಲುತ್ತದೆ. ಒಮ್ಮೆ ವಾಲಿದ ಮೇಲೆ ಹಿಡಿದ ಗೆರೆ ಬಿಡುವುದಿಲ್ಲ, ಹ್ಯಾಂಡಲ್ ನಡುಗುವುದಿಲ್ಲ. ಅವಸರದಲ್ಲಿ ಗೇರ್ ಇಳಿಸಿದರೂ ಸ್ಲಿಪ್ಪರ್ ಕ್ಲಚ್ ಇರುವುದರಿಂದ ಹಿಂಚಕ್ರ ಜಿಗಿದಾಡುವುದಿಲ್ಲ. ಹೊರಬರುವಾಗ ಎಕ್ಸಿಲೇಟರನ್ನು ನಿಧಾನಕ್ಕೆ ಬಿಚ್ಚಿದಷ್ಟೂ ಎಳೆತ ಹದವಾಗಿ ಬರುತ್ತದೆ. ಈ ಬೆಲೆಯಲ್ಲಿ ಇಷ್ಟು ನಂಬಿಕೆ ಹುಟ್ಟಿಸುವ ಚಾಸಿ ಸಿಗುವುದು ಅಪರೂಪ.

ಕೊರತೆ ಇರುವುದು ಶಾಕ್ ಅಬ್ಸಾರ್ಬರುಗಳಲ್ಲಿ. ಹಿಂದಿನವು ಕುಗ್ಗಲು ಇರುವ ಜಾಗ 88 ಮಿಲಿಮೀಟರ್ ಮಾತ್ರ. ನುಣುಪು ರಸ್ತೆಗೆ ಅಷ್ಟು ಸಾಕು. ಊರೂರಿಗೆ ಹಂಪ್ಸ್, ಮಳೆಗಾಲ ಮುಗಿದ ಮೇಲೆ ಗುಂಡಿ, ಗುಂಡಿಗೆ ಹಾಕಿದ ತೇಪೆ ಇರುವ ನಮ್ಮ ಕಡೆಗೆ ಸಾಲದು. ವಾಲಿದ ಸ್ಥಿತಿಯಲ್ಲಿ ತೇಪೆ ಸಿಕ್ಕರೆ ಹಿಂಬದಿ ಒದೆಯುತ್ತದೆ. ಕೆಳಗಿರುವ ಹ್ಯಾಂಡಲಿನ ಮೇಲೆ ಬಾಗಿ ಕೂತವರ ಮಣಿಕಟ್ಟು, ಸೊಂಟ ಎರಡೂ ಅದನ್ನು ಉಣ್ಣಬೇಕು. ಗಟ್ಟಿ ಚಾಸಿಗೆ ಇನ್ನಷ್ಟು ಮೃದುವಾದ ಶಾಕ್ಸ್ ಬೇಕಿತ್ತು.

ಬ್ರೇಕಿನ ವಿಷಯದಲ್ಲಿ ದೂರು ಕಡಿಮೆ. ಮುಂದೆ 320, ಹಿಂದೆ 240 ಮಿಲಿಮೀಟರ್ ಡಿಸ್ಕ್, ಎರಡಕ್ಕೂ ಎಬಿಎಸ್. ಮುಂದೆ ಒಂದೇ ಡಿಸ್ಕ್ ಇರುವುದರಿಂದ ಎರಡು ಡಿಸ್ಕಿನ ದೊಡ್ಡ ಬೈಕುಗಳ ಹಾಗೆ ಮುಟ್ಟಿದೊಡನೆ ಕಚ್ಚುವುದಿಲ್ಲ. ಲಿವರನ್ನು ಮೊದಲು ಮೆಲ್ಲಗೆ ಒತ್ತಿ, ಭಾರ ಮುಂದಕ್ಕೆ ಬಂದು ಟಯರ್ ನೆಲಕ್ಕೆ ಕೂತ ಮೇಲೆ ಬಲವಾಗಿ ಹಿಂಡಬೇಕು. ಹೀಗೆ ಹಿಡಿದರೆ ಬೈಕ್ ಅಲುಗಾಡದೆ ನೆಟ್ಟಗೆ ನಿಲ್ಲುತ್ತದೆ.

ಆದರೂ ಲೆಕ್ಕ ಲೆಕ್ಕವೇ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಕಣ್ಣು ಕಂಡು ಕೈ ಹಿಂಡುವಷ್ಟರಲ್ಲಿ ಒಂದು ಸೆಕೆಂಡ್ ಹೋದರೆ 22 ಮೀಟರ್ ಹೋದಂತೆ. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಮತ್ತೆ ಸುಮಾರು 36 ಮೀಟರ್ ಬೇಕು. ಒಟ್ಟು 58. ವೇಗ 100 ಆದರೆ ಇದೇ ಲೆಕ್ಕ 84 ಮೀಟರಿಗೆ ಏರುತ್ತದೆ. ಅಡಿಕೆ ತೋಟದ ಬೇಲಿ ಮುಚ್ಚಿದ ತಿರುವಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ಸುಗ್ಗಿಯಲ್ಲಿ ಈ ಲೆಕ್ಕವೂ ಕೆಡುತ್ತದೆ. ರೈತರು ರಸ್ತೆಯ ಒಂದು ಮಗ್ಗುಲಿಗೆ ಗೋವಿನಜೋಳ ಹರವಿರುತ್ತಾರೆ. ಚೆದುರಿದ ಕಾಳು ಟಯರಿನ ಅಡಿ ಉರುಳುತ್ತದೆ, ಬ್ರೇಕ್ ಹಿಡಿದರೆ ಲಿವರ್ ಬೆರಳಿಗೆ ಟಕಟಕ ಬಡಿಯುತ್ತದೆ. ಅದು ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. ಮಳೆಗಾಲದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರಿನ ಮೇಲೂ ಹೀಗೇ. ಎಬಿಎಸ್ ಚಕ್ರ ಕಚ್ಚಿಕೊಂಡು ಜಾರುವುದನ್ನು ತಪ್ಪಿಸುತ್ತದೆಯೇ ಹೊರತು, ನೆಲದಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಬೈಕ್ ವಾಲಿರುವುದನ್ನು ಅಳೆದು ಬ್ರೇಕ್ ಹದಗೊಳಿಸುವ ವ್ಯವಸ್ಥೆ ಇದರಲ್ಲಿಲ್ಲ, ಟ್ರ್ಯಾಕ್ಷನ್ ಕಂಟ್ರೋಲೂ ಇಲ್ಲ. ಆದ್ದರಿಂದ ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು.

ಒಟ್ಟಿನಲ್ಲಿ ಜಿಟಿ 650ಗೆ ಚಾಸಿಯಲ್ಲಿ ಪೂರ್ತಿ ಅಂಕ, ಬ್ರೇಕಿನಲ್ಲಿ ಒಳ್ಳೆಯ ಅಂಕ, ಶಾಕ್ಸಿನಲ್ಲಿ ಪಾಸು. ಅದರ ನಿಜವಾದ ತಾಕತ್ತು ಬೇಕೆನ್ನುವವರಿಗೆ ರೇಸ್ ಟ್ರ್ಯಾಕ್ ಇದೆ. ಈ ಬೈಕಿಗೆಂದೇ 2021ರಲ್ಲಿ ಜಿಟಿ ಕಪ್ ಸ್ಪರ್ಧೆ ಶುರುವಾಗಿದೆ. ಶಿಕಾರಿಪುರ, ಸೊರಬದ ಹುಡುಗರಲ್ಲಿ ಒಂದೇ ಕೋರಿಕೆ: ಸೈಲೆನ್ಸರ್ ಬದಲಿಸುವ ದುಡ್ಡನ್ನು ಒಳ್ಳೆಯ ಟಯರಿಗೆ ಹಾಕಿ, ಖಾಲಿ ಮೈದಾನದಲ್ಲಿ ಬ್ರೇಕ್ ಹಿಡಿಯುವುದನ್ನು ಕಲಿಯಿರಿ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗದಲ್ಲಿ ಊರಿನ ರಸ್ತೆಯಲ್ಲಿ ಓಡಿಸಬೇಡಿ.