ಕುಲಾವಿಯ ಮೇಲೆ ಹೊರಿಸಿದ ತಪ್ಪು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ನಮ್ಮ ಗಾದೆಗೆ ಕಂಪ್ಯೂಟರ್ ಲೋಕದಲ್ಲೊಂದು ಜೋಡಿ ಇದೆ: ‘ಆಸ್ಬರ್ನ್ ಎಫೆಕ್ಟ್’. ವ್ಯಾಪಾರದ ಪಾಠ ಹೇಳುವವರಿಗೆ ಇದು ಬಲು ಇಷ್ಟದ ಕಥೆ. ಆಡಮ್ ಆಸ್ಬರ್ನ್ ಎಂಬಾತ ಹೊತ್ತೊಯ್ಯಬಲ್ಲ ಕಂಪ್ಯೂಟರ್ ಮಾಡಿ ಗೆದ್ದ. 1983ರಲ್ಲಿ, ಇದಕ್ಕಿಂತ ಚೆನ್ನಾದ ಇನ್ನೊಂದು ಬರುತ್ತಿದೆ ಎಂದು ಬಾಯಿಬಿಟ್ಟ. ಜನ ಹಳೆಯದನ್ನು ಬಿಟ್ಟು ಹೊಸದಕ್ಕೆ ಕಾದು ಕೂತರು. ಅವರು ಕಾಯುತ್ತಿದ್ದ ಹಾಗೇ ಕಂಪನಿ ಮುಳುಗಿತು. ಕಥೆ ಇಷ್ಟು ಚೊಕ್ಕವಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ.

ಆಸ್ಬರ್ನ್ 1 ಮೊದಲು ಕಾಣಿಸಿಕೊಂಡದ್ದು 1981ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ. ವಿನ್ಯಾಸ ಲೀ ಫೆಲ್ಸೆನ್‌ಸ್ಟೈನ್‌ನದು. ಹೊಲಿಗೆ ಯಂತ್ರದ ಪೆಟ್ಟಿಗೆಗೆ ಹಿಡಿಕೆ ಹಾಕಿದಂಥ ಆಕಾರ, ಸುಮಾರು 11 ಕಿಲೊ ತೂಕ. ಬ್ಯಾಟರಿ ಇಲ್ಲ; ಹೋದಲ್ಲೆಲ್ಲ ಪ್ಲಗ್ ಹುಡುಕಬೇಕು. ಆದರೂ ವಿಮಾನದ ಸೀಟಿನಡಿ ತೂರುತ್ತಿತ್ತು. ಬೆಲೆ 1,795 ಡಾಲರ್. ಅದೇ ದುಡ್ಡಿಗೆ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್, ಬೇಸಿಕ್ ಎಲ್ಲವೂ ಸೇರಿ ಬರುತ್ತಿದ್ದವು. ಬಿಡಿಬಿಡಿಯಾಗಿ ಕೊಂಡರೆ ಆ ತಂತ್ರಾಂಶಗಳಿಗೇ ಹೆಚ್ಚುಕಡಿಮೆ ಯಂತ್ರದಷ್ಟು ಖರ್ಚಾಗುವ ಕಾಲ ಅದು. ಆಸ್ಬರ್ನ್‌ನ ನಿಜವಾದ ಜಾಣತನ ಇದ್ದದ್ದು ಇಲ್ಲಿ, ಹಿಡಿಕೆಯಲ್ಲಲ್ಲ. ಭರಾಟೆಯ ದಿನಗಳಲ್ಲಿ ತಿಂಗಳಿಗೆ 10,000 ಯಂತ್ರಗಳು ಹೋದವು.

ಆದರೆ ಪರದೆ ಐದೇ ಇಂಚು. ಇವತ್ತಿನ ಮೊಬೈಲ್ ಇದಕ್ಕಿಂತ ದೊಡ್ಡದು. ಒಂದು ಸಾಲಿಗೆ 52 ಅಕ್ಷರ ಹಿಡಿಯುತ್ತಿತ್ತು. ಕಚೇರಿಯ ಕೆಲಸಕ್ಕೆ 80 ಬೇಕು. ಹಾಗಾಗಿ ಸಾಲಿನ ಬಲತುದಿ ಓದಬೇಕಾದರೆ ಕೀಲಿ ಒತ್ತಿ ಇಡೀ ಪುಟವನ್ನು ಪಕ್ಕಕ್ಕೆ ಸರಿಸಬೇಕಿತ್ತು. ಸಾಕೆನಿಸುವಷ್ಟಿದ್ದರೆ ಸಾಕು ಎಂಬುದು ಆಸ್ಬರ್ನ್‌ನ ಸಿದ್ಧಾಂತ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಇಲ್ಲದಿದ್ದಾಗ ಅದು ಸಾಕೇ ಆಗಿತ್ತು.

1982ರಲ್ಲಿ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು. ಡಿಜಿಟಲ್ ವೋಲ್ಟ್‌ಮೀಟರ್ ಕಂಡುಹಿಡಿದ ಆಂಡ್ರ್ಯೂ ಕೇ ಎಂಬ ಹಿರಿಯ ಎಂಜಿನಿಯರ್, ಕ್ಯಾಲಿಫೋರ್ನಿಯಾದ ಸೊಲಾನಾ ಬೀಚ್‌ನಿಂದ ಕೇಪ್ರೋ 2 ತಂದ. ತಗಡಿನ ಡಬ್ಬ, ನೋಡಲು ಯಾವ ಚೆಲುವೂ ಇಲ್ಲ. ಆದರೆ ಪರದೆ ಒಂಬತ್ತು ಇಂಚು, ಸಾಲಿಗೆ ಪೂರ್ತಿ 80 ಅಕ್ಷರ, ಒಂದೊಂದು ಫ್ಲಾಪಿಯಲ್ಲಿ ಆಸ್ಬರ್ನ್‌ನ ಎರಡರಷ್ಟು ಜಾಗ. ಅದೇ ಝಡ್80 ಚಿಪ್, ಅದೇ ಸಿಪಿಎಂ ಕಾರ್ಯಾಚರಣಾ ವ್ಯವಸ್ಥೆ, ಜೊತೆಗೆ ಅಂಥದೇ ತಂತ್ರಾಂಶದ ಗಂಟು. ಬೆಲೆಯೂ ಆಸ್ಬರ್ನ್‌ನದನ್ನು ಮೀರಿರಲಿಲ್ಲ. ಆಸ್ಬರ್ನ್ ಬಾಯಿ ಬಿಡುವುದಕ್ಕೆ ಎಷ್ಟೋ ತಿಂಗಳು ಮೊದಲೇ ಗಿರಾಕಿಯ ಮುಂದೆ ಇಷ್ಟೂ ಇತ್ತು.

ಇನ್ನು ಆ ‘ಕುಲಾವಿ’ಯ ವಿಷಯ. ಬರುತ್ತಿದೆ ಎಂದು ಹೇಳಿದ ಎಕ್ಸಿಕ್ಯುಟಿವ್ ಯಂತ್ರಕ್ಕೆ ಏಳು ಇಂಚಿನ ಪರದೆ, 2,495 ಡಾಲರ್. ಒಂಬತ್ತು ಇಂಚಿನದು ಕಡಿಮೆ ದುಡ್ಡಿಗೆ ಇವತ್ತೇ ಸಿಗುವಾಗ, 700 ಡಾಲರ್ ಹೆಚ್ಚು ಕೊಟ್ಟು ಏಳು ಇಂಚಿನದನ್ನು ಕೊಳ್ಳಲು ಯಾರು ಕಾಯುತ್ತಾರೆ? ಗಿರಾಕಿ ಕಾಯಲಿಲ್ಲ, ಪಕ್ಕದ ಅಂಗಡಿಗೆ ಹೋದ. ಅದೇ 1983ರ ಮಾರ್ಚ್‌ನಲ್ಲಿ ಹೂಸ್ಟನ್‌ನ ಕಾಂಪ್ಯಾಕ್ ತನ್ನ ಪೋರ್ಟಬಲ್ ಯಂತ್ರವನ್ನು ಅಂಗಡಿಗೆ ಇಳಿಸಿತು. ಐಬಿಎಂ ಪಿಸಿಯ ತಂತ್ರಾಂಶಗಳು ಅದರಲ್ಲಿ ನಡೆಯುತ್ತಿದ್ದವು. ಬೆಲೆ ದುಬಾರಿ, ತೂಕ ಇನ್ನೂ ಹೆಚ್ಚು. ಆದರೂ ಮೊದಲ ವರ್ಷವೇ 53,000 ಹೋದವು. ಸಿಪಿಎಂ ಯಂತ್ರಗಳ ಕಾಲ ಮುಗಿಯುತ್ತಾ ಬಂದಿತ್ತು. ಆಸ್ಬರ್ನ್ ಮೌನವ್ರತ ಹಿಡಿದಿದ್ದರೆ ಅದೇನು ನಿಲ್ಲುತ್ತಿತ್ತೆ?

ಹೊಸದರ ಸುದ್ದಿ ಕೇಳಿ ಕೆಲವು ಅಂಗಡಿಯವರು ಆರ್ಡರ್ ಹಿಂತೆಗೆದುಕೊಂಡಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಮನೆಯೊಳಗಿನ ಲೆಕ್ಕ ನೋಡಿ. ಅದೇ ವಸಂತದಲ್ಲಿ ಕಂಪನಿ ಷೇರು ಬಿಡುಗಡೆಗೆ ಸಜ್ಜಾಗಿತ್ತು. ಪುಸ್ತಕ ತೆರೆದು ಕೂಡಿದಾಗ ಲಾಭವಿರಬೇಕಾದಲ್ಲಿ ನಷ್ಟ ಬಂತು. ಷೇರಿನ ಮಾತು ಬಿದ್ದುಹೋಯಿತು. ಆಗ ಸಿಕ್ಕ ನಷ್ಟ ಹಿಂದಿನ ತಿಂಗಳುಗಳದ್ದಲ್ಲದೆ ಮುಂದಿನವುಗಳದ್ದಾಗಲು ಸಾಧ್ಯವಿಲ್ಲವಷ್ಟೆ. ಎರಡೇ ವರ್ಷಕ್ಕೆ ಉಬ್ಬಿದ ಕಂಪನಿಗೆ ಉಗ್ರಾಣದಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಎಂಬುದೇ ಗೊತ್ತಿರಲಿಲ್ಲ. ಆಮೇಲೆ ಆಸ್ಬರ್ನ್ ಪತ್ರಕರ್ತ ಜಾನ್ ಡ್ವೋರಾಕ್ ಜೊತೆ ಬರೆದ ಪುಸ್ತಕದ ಹೆಸರೇ ‘ಹೈಪರ್‌ಗ್ರೋತ್’, ಅಂದರೆ ಮಿತಿಮೀರಿದ ಬೆಳವಣಿಗೆ. 1983ರ ಸೆಪ್ಟೆಂಬರ್ 13ರಂದು ದಿವಾಳಿ ಅರ್ಜಿ ಹೋಯಿತು.

ಈಚೆಗೆ ಇನ್ನೊಂದು ಕಥೆ ಓಡಾಡುತ್ತಿದೆ. ಉಗ್ರಾಣದಲ್ಲಿ ಒಂದೂವರೆ ಲಕ್ಷ ಡಾಲರ್ ಬೆಲೆಯ ಹಳೆಯ ಮದರ್‌ಬೋರ್ಡ್‌ಗಳು ಸಿಕ್ಕವಂತೆ. ಹಾಳಾಗದಿರಲಿ ಎಂದು ಅವುಗಳಿಗೆ ಪರದೆ, ಡಬ್ಬ, ಡ್ರೈವ್ ಹೊಂದಿಸಲು ಹೋಗಿ ಇಪ್ಪತ್ತು ಲಕ್ಷ ಕಳೆದರಂತೆ. ಮೂಗಿಗಿಂತ ಮೂಗುತಿ ಭಾರ! ನನ್ನ ವಾದಕ್ಕೆ ಒದಗುವ ಕಥೆಯೇ ಹೌದು, ಆದರೂ ಪೂರ್ತಿ ನಂಬಲಾರೆ. ಅದೂ ಅತಿ ಚೊಕ್ಕ.

ಹಾಗಿದ್ದರೆ ಬಾಯಿಬಡುಕತನದ ಕಥೆಯೇ ಏಕೆ ಉಳಿಯಿತು? ಲೆಕ್ಕ ಸರಿಯಾಗಿ ಇಡಲಿಲ್ಲ, ಎದುರಾಳಿ ಮೇಲಾದದ್ದನ್ನು ಅದೇ ಬೆಲೆಗೆ ಕೊಟ್ಟ ಎಂದರೆ ಕಥೆಯಲ್ಲಿ ಸ್ವಾರಸ್ಯವಿಲ್ಲ. ಜೊತೆಗೆ, ಹೊಸದರ ಸುದ್ದಿ ಮುಚ್ಚಿಟ್ಟು ಹಳೆಯ ದಾಸ್ತಾನು ಖಾಲಿ ಮಾಡಿಕೊಳ್ಳುವ ಎಲ್ಲ ಕಂಪನಿಗಳಿಗೂ ಇದರಲ್ಲಿ ಒಳ್ಳೆಯ ನೆಪವಿದೆ. ಆಸ್ಬರ್ನ್ ಗಟ್ಟಿ ದನಿಯ, ಜಂಬದ ಮನುಷ್ಯನಾಗಿದ್ದದ್ದೂ ಅನುಕೂಲವಾಯಿತು.

ಈ ಮನುಷ್ಯನಿಗೆ ನಮ್ಮ ನಾಡಿನ ನಂಟೂ ಇತ್ತು. ಆತನ ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಜೀವನಚರಿತ್ರೆ ಬರೆದವರು. ಬಾಲ್ಯ ತಿರುವಣ್ಣಾಮಲೈಯಲ್ಲಿ ಕಳೆಯಿತು, ತಮಿಳು ಬರುತ್ತಿತ್ತು. 1992ರಲ್ಲಿ ಭಾರತಕ್ಕೆ ಮರಳಿದ ಆತ 2003ರ ಮಾರ್ಚ್‌ನಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡ. ಆ ಹೆಸರಿನ ‘ಎಫೆಕ್ಟ್’ ಅನ್ನು ಮುಂದೆ ಯಾರಾದರೂ ನಿಮಗೆ ವಿವರಿಸಲು ಬಂದರೆ, ಕೇಪ್ರೋದ ಬೆಲೆ ಎಷ್ಟಿತ್ತು ಎಂದು ಒಮ್ಮೆ ಕೇಳಿ ನೋಡಿ.