ನಿಮಿಷಕ್ಕೊಂದು ಚಿತ್ರ

ಬ್ರಹ್ಮಕಮಲದ ಮೊಗ್ಗು ಉಬ್ಬಿ, ಕೊಕ್ಕಿನ ಹಾಗೆ ಮೇಲಕ್ಕೆ ಬಾಗಿತೆಂದರೆ ಅರಳುವ ರಾತ್ರಿ ಹತ್ತಿರ ಬಂತೆಂದೇ ಲೆಕ್ಕ. ಕಳೆದ ಮಳೆಗಾಲದ ಅಂಥದೊಂದು ಸಂಜೆ ಕುಂಡದ ಮುಂದೆ ಟ್ರೈಪಾಡ್ ನಿಲ್ಲಿಸಿದೆ. ಐದು ನಿಮಿಷಕ್ಕೊಂದು ಚಿತ್ರ ಸಾಕು ಅಂದುಕೊಂಡಿದ್ದೆ. ಏಳರಿಂದ ಹನ್ನೆರಡರವರೆಗೆ ಸಿಕ್ಕಿದ್ದು 60 ಚಿತ್ರ. ಸೆಕೆಂಡಿಗೆ 25ರಂತೆ ಜೋಡಿಸಿದರೆ ಎರಡೂವರೆ ಸೆಕೆಂಡೂ ಆಗಲಿಲ್ಲ. ಎಸಳುಗಳು ಅರಳುವ ಬದಲು ಜಿಗಿಯುತ್ತಿದ್ದವು.

ಟೈಮ್‌ಲ್ಯಾಪ್ಸ್ ಮಾಡುವವರಿಗೆ ಇಂಟರ್ವಲೋಮೀಟರ್ ಬೇಕು. ಇಷ್ಟು ಹೊತ್ತಿಗೊಮ್ಮೆ ಶಟರ್ ಒತ್ತುವುದಷ್ಟೇ ಅದರ ಕೆಲಸ. ಈಗ ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲೇ ಇದೆ. ಇಲ್ಲದಿದ್ದರೆ ಟೈಮರ್ ಇರುವ ರಿಮೋಟ್ ಸಿಕ್ಕಿಸಬೇಕು. ಅದು ಮುಖ್ಯವಾಗಿ ಕೇಳುವುದು ಎರಡೇ ಅಂಕಿ: ಎಷ್ಟು ಹೊತ್ತಿಗೊಂದು, ಒಟ್ಟು ಎಷ್ಟು. ಎರಡನೆಯದು ಬರೀ ಗುಣಾಕಾರ. ಮೊದಲನೆಯದಕ್ಕೆ ಮಾತ್ರ ನಮ್ಮ ಮುಂದಿರುವ ವಸ್ತುವಿನ ನಡೆ ಗೊತ್ತಿರಬೇಕು. ಗಾಳಿಗೆ ಓಡುವ ಮುಂಗಾರಿನ ಮೋಡಕ್ಕೆ ಮೂರು ಸೆಕೆಂಡು. ನಕ್ಷತ್ರಗಳಿಗೆ ಮೂವತ್ತು, ಅದರಲ್ಲಿ ಇಪ್ಪತ್ತು ಸೆಕೆಂಡು ಶಟರ್ ತೆರೆದೇ ಇರುತ್ತದೆ. ಬ್ರಹ್ಮಕಮಲಕ್ಕೆ ಒಂದು ನಿಮಿಷ: ಐದು ಗಂಟೆಗೆ 300 ಚಿತ್ರ, 12 ಸೆಕೆಂಡಿನ ಅರಳುವಿಕೆ.

ಹೂವಿನ ಈ ನಡೆಯನ್ನು ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲೇ ‘ದಿ ಬರ್ತ್ ಆಫ್ ಎ ಫ್ಲವರ್’ ಚಿತ್ರದಲ್ಲಿ ತೋರಿಸಿದ್ದರು. ಹಿಮನದಿಗಳು ಕರಗಿ ಹಿಂದೆ ಸರಿಯುವುದನ್ನು ಹಿಡಿಯಲು ಜೇಮ್ಸ್ ಬೇಲಾಗ್ 2007ರಲ್ಲಿ ‘ಎಕ್ಸ್‌ಟ್ರೀಮ್ ಐಸ್ ಸರ್ವೆ’ ಶುರುಮಾಡಿದರು. ಆರಂಭದಲ್ಲಿ ಅವರಿಗೆ ಕೈಕೊಟ್ಟವುಗಳಲ್ಲಿ ಕ್ಯಾಮೆರಾಗೆ ಹೊತ್ತು ಹೇಳುವ ಟೈಮರ್‌ಗಳೂ ಇದ್ದವು. ‘ಚೇಸಿಂಗ್ ಐಸ್’ ಸಾಕ್ಷ್ಯಚಿತ್ರದಲ್ಲಿ ಅದನ್ನು ನೋಡಿದಾಗ ನನಗೆ ಈ ಪುಟ್ಟ ಸಾಧನದ ಮೇಲೆ ಗೌರವ ಹೆಚ್ಚಿತು. ವರ್ಷಗಟ್ಟಲೆಯ ಸಾಕ್ಷ್ಯ ಅದರ ತಪ್ಪದ ಮಿಡಿತವನ್ನೇ ನಂಬಿಕೊಂಡಿರುತ್ತದೆ.

ಅಂತರ ಗೊತ್ತಾದ ಮೇಲೆ ಕ್ಯಾಮೆರಾದ ಸ್ವಂತ ಬುದ್ಧಿಯನ್ನೆಲ್ಲ ಆರಿಸಿಬಿಡಿ. ಆಟೋದಲ್ಲಿ ಬಿಟ್ಟರೆ ಪ್ರತಿ ಚಿತ್ರಕ್ಕೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಒಂದು ತುಸು ಬೆಳ್ಳಗೆ, ಇನ್ನೊಂದು ತುಸು ಮಬ್ಬು. ಜೋಡಿಸಿದಾಗ ಇಡೀ ದೃಶ್ಯ ಮಿನುಗುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್ ಆಗಿರಲಿ. ಅಪರ್ಚರನ್ನು ಕಿರಿದು ಮಾಡಿದರೆ ಅದರ ಅಲಗುಗಳು ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಕಡೆ ನಿಲ್ಲಬಹುದು. ಮಿನುಗಲು ಅಷ್ಟೇ ಸಾಕು. ಪೂರ್ತಿ ತೆರೆದಿಡುವುದು ಕ್ಷೇಮ. ಆಗ ಹೂವಿನ ಹಿಂಬದಿ ಮಸುಕಾಗುತ್ತದೆ, ಅದಕ್ಕೆ ಒಂದು ಮಾರು ಹಿಂದೆ ಸರಿದು ನಿಲ್ಲಿಸಿ. ಹೂವು ಹಿಗ್ಗಲು ಚೌಕಟ್ಟಿನ ಸುತ್ತ ಜಾಗ ಬಿಡಿ.

ಎರಡನೆಯ ಮೊಗ್ಗಿಗೆ ಹೀಗೆಲ್ಲ ಸಿದ್ಧವಾದೆ. ಬ್ಯಾಟರಿಯ ಬದಲು ಅಡಾಪ್ಟರ್ ಹಾಕಿ, ಒಂದೇ ದೀಪ ಉರಿಸಿ, ಅದರ ಸ್ವಿಚ್ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಹೇಳಿದೆ. ಹೂವಿಗೆ ಆರತಿ ಎತ್ತಬೇಕೆಂದಿದ್ದ ಅಮ್ಮ, ದೀಪದ ಬೆಳಕು ಚಿತ್ರದಲ್ಲಿ ಬೀಳುತ್ತದೆಂದು ತಿಳಿದು, ಬರೀ ಕೈಮುಗಿದು ಪಕ್ಕದಲ್ಲೇ ಕೂತರು. ನಿಮಿಷಕ್ಕೊಮ್ಮೆ ಶಟರ್ ಸದ್ದು. ನಾನು ಹನ್ನೆರಡಕ್ಕೆ ನಿಲ್ಲಿಸಲಿಲ್ಲ, ಬೆಳಗಿನ ಆರರವರೆಗೂ ಬಿಟ್ಟೆ.

660 ಚಿತ್ರ, 26 ಸೆಕೆಂಡು. ಮೊದಲರ್ಧ ಎಸಳು ಬಿಚ್ಚುತ್ತವೆ, ಉಳಿದರ್ಧದಲ್ಲಿ ಮೆಲ್ಲಗೆ ಮಡಚಿಕೊಂಡು ಜೋತುಬೀಳುತ್ತವೆ. ಪ್ರತಿ ವರ್ಷ ಅರಳಿದ್ದು ನೋಡಿ ಮಲಗುತ್ತಿದ್ದ ಅಮ್ಮನಿಗೆ ಆ ಎರಡನೆಯ ಅರ್ಧ ಹೊಸದು. ಅದನ್ನೇ ಮತ್ತೆ ಹಾಕು ಎಂದರು.